ಚಾರ್ಮಾಡಿ ಘಾಟಿಯಲ್ಲಿ ಬೈಕ್ ಓಡಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಮೂಡಿಗೆರೆ ಕಡೆ, ಅಮ್ಮನ ತವರು ಬೆಳ್ತಂಗಡಿ. ಹಾಗಾಗಿ ಚಾರ್ಮಾಡಿ ನನಗೆ ಪ್ರವಾಸದ ಜಾಗ ಆಗುವ ಎಷ್ಟೋ ಮುಂಚೆ ಅಜ್ಜಿ ಮನೆ ದಾರಿ. ಈಗ ಕೆಲಸ ಬೆಂಗಳೂರಲ್ಲಿ. ಜೂನ್ ತಿಂಗಳಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಸಾಕು, ಆಫೀಸಿನವರು, ನೆಂಟರು, ನೆಂಟರ ಮಕ್ಕಳು ಎಲ್ಲರದ್ದೂ ಫೋನ್ ಶುರು. ಕೇಳುವುದು ಅದದೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೇ ಒಂದು ಸಲ ಬರೆದಿಟ್ಟುಬಿಡೋಣ ಅಂತ.

ಚಾರ್ಮಾಡಿ ಘಾಟಿ ಅಂದರೆ ಎಲ್ಲಿಂದ ಎಲ್ಲಿವರೆಗೆ?

ಮೇಲೆ ಕೊಟ್ಟಿಗೆಹಾರ, ಕೆಳಗೆ ಚಾರ್ಮಾಡಿ ಊರು. ನಡುವೆ ಹೆಚ್ಚು ಕಮ್ಮಿ 25 ಕಿಲೋಮೀಟರ್. ಮೇಲಿನದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕು, ಕೆಳಗಿನದು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕು. ರಸ್ತೆ ಮಂಗಳೂರಿನಿಂದ ತುಮಕೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73. ಹೆದ್ದಾರಿ ಅಂದ ಕೂಡಲೇ ನಾಲ್ಕು ಪಥ ನೆನೆಸಿಕೊಳ್ಳಬೇಡಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ನಡುವೆ ಎರಡು ಗಾಡಿ ಜೋಪಾನವಾಗಿ ದಾಟುವಷ್ಟು ಡಾಂಬರು. ಅಷ್ಟೇ.

ಒಂದು ವಿಷಯ ನನಗೆ ಯಾವಾಗಲೂ ಮಜಾ ಅನಿಸುತ್ತದೆ. ಕೊಟ್ಟಿಗೆಹಾರದ ಹತ್ತಿರವೇ ಇರುವ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತದೆ. ಅದು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಘಾಟಿಯಲ್ಲಿ ನಿಮ್ಮ ಜೊತೆ ಇಳಿಯುವ ನೀರು ಮಾತ್ರ ಮೃತ್ಯುಂಜಯ ಹೊಳೆ, ನೇತ್ರಾವತಿ ಅಂತ ಮಂಗಳೂರಿನ ಕಡಲು ಸೇರುತ್ತದೆ. ಒಂದೇ ಮೋಡದ ಮಳೆ, ಎರಡು ಸಮುದ್ರ!

ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಬರಬಹುದು. ಬರಬೇಡಿ. ಹಾಸನ, ಬೇಲೂರು, ಮೂಡಿಗೆರೆ ಮೇಲೆ ಕೊಟ್ಟಿಗೆಹಾರಕ್ಕೇ ಸುಮಾರು 270 ಕಿಲೋಮೀಟರ್. ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಘಾಟಿ ಇಳಿದು ಹತ್ತಿ, ರಾತ್ರಿ ನೆಲಮಂಗಲದ ಟ್ರಾಫಿಕ್ಕಿನಲ್ಲಿ ತೂಕಡಿಸುತ್ತಾ ಬರುವುದರಲ್ಲಿ ಏನು ಸುಖ? ಬೀಳುವವರು ಹೆಚ್ಚಾಗಿ ಘಾಟಿಯಲ್ಲಿ ಬೀಳುವುದಿಲ್ಲ, ವಾಪಸ್ ಬರುವಾಗ ಹಾಸನದಿಂದ ಈಚೆ ನೇರ ರಸ್ತೆಯಲ್ಲಿ ನಿದ್ದೆಗಣ್ಣಿನಲ್ಲಿ ಬೀಳುತ್ತಾರೆ. ನನ್ನ ಪರಿಚಯದವರೇ ಇಬ್ಬರು ಹಾಗೆ ಬಿದ್ದಿದ್ದಾರೆ. ಒಂದು ರಾತ್ರಿ ಮೂಡಿಗೆರೆಯಲ್ಲೋ ಉಜಿರೆಯಲ್ಲೋ ಉಳಿಯಿರಿ.

ಯಾವ ತಿಂಗಳು ಚೆನ್ನಾಗಿರುತ್ತದೆ?

ನನ್ನ ಲೆಕ್ಕದಲ್ಲಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಮಳೆಯ ಆರ್ಭಟ ಇಳಿದಿರುತ್ತದೆ, ಹಸಿರು ಮಾಸಿರುವುದಿಲ್ಲ, ಝರಿಗಳಲ್ಲಿ ಇನ್ನೂ ನೀರಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಘಾಟಿ ನೋಡಲು ಭರ್ಜರಿ, ಓಡಿಸಲು ಅಲ್ಲ. 2019ರ ಆಗಸ್ಟ್ ನೆನಪಿದೆಯಲ್ವಾ? ಆ ಮಳೆಗೆ ಘಾಟಿಯಲ್ಲಿ ಸಾಲು ಸಾಲು ಕಡೆ ಗುಡ್ಡ ಕುಸಿದು, ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಅಮ್ಮನ ಕಡೆಯವರ ಒಂದು ಮದುವೆಗೆ ನಾವು ಸುತ್ತಿ ಬಳಸಿ ಹೋಗಿ, ಊಟದ ಕೊನೇ ಪಂಕ್ತಿಗೆ ತಲುಪಿದ್ದೆವು.

ಹೂವಿನ ಹುಚ್ಚಿರುವವರು ಮಾರ್ಚ್, ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದು ಒಂದು ವಾರ, ಹತ್ತು ದಿನ ಆದಾಗ ಬನ್ನಿ. ಬೇಲೂರು ದಾಟಿದ ಮೇಲೆ ಕಾಫಿ ತೋಟ ಪೂರ್ತಿ ಬೆಳ್ಳಗೆ. ಹೆಲ್ಮೆಟ್ ಒಳಗೇ ಮಲ್ಲಿಗೆಯಂಥ ವಾಸನೆ ತುಂಬಿಕೊಳ್ಳುತ್ತದೆ. ಇದು ಕಾರಿನವರಿಗೆ ಸಿಗುವ ಸುಖ ಅಲ್ಲ.

ನನ್ನದು 100 ಸಿಸಿ ಗಾಡಿ. ಸಾಕಾಗುತ್ತಾ?

ಧಾರಾಳ. ನಮ್ಮ ಕಡೆ ಅಡಿಕೆ ಮೂಟೆ ಹೇರಿಕೊಂಡು ಅಂಥದ್ದೇ ಗಾಡಿಯಲ್ಲಿ ವಾರಕ್ಕೆರಡು ಸಲ ಹತ್ತಿಳಿಯುವವರು ಇದ್ದಾರೆ. ಹತ್ತುವಾಗ ಎರಡನೇ ಗೇರು, ಕೆಲವು ತಿರುವಿನಲ್ಲಿ ಒಂದನೇ ಗೇರು ಬೇಕಾಗುತ್ತದೆ, ಹಿಂದೆ ಒಬ್ಬರಿದ್ದರೆ ಇನ್ನೂ ನಿಧಾನ. ನಿಧಾನ ಆದರೆ ಏನಾಯಿತು? ಗಾಡಿಯ ಸಿಸಿಗಿಂತ ಮುಖ್ಯ ಅದರ ಬ್ರೇಕ್, ಟೈರು, ಚೈನು. ಟೈರಿನ ಗೆರೆ ಸವೆದಿದ್ದರೆ ಬದಲಾಯಿಸಿಕೊಂಡೇ ಬನ್ನಿ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ. ಎಷ್ಟಿರಬೇಕು ಅಂತ ಗಾಡಿಯ ಮೇಲೆ ಅಂಟಿಸಿರುವ ಚೀಟಿಯಲ್ಲೇ ಇರುತ್ತದೆ.

ಇಳಿಯುವಾಗ ಯಾವ ಗೇರಿನಲ್ಲಿ ಇರಬೇಕು?

ಈ ಒಂದು ಪ್ರಶ್ನೆ ಕೇಳಿ, ಉಳಿದದ್ದನ್ನು ಬಿಟ್ಟರೂ ನನಗೆ ಬೇಜಾರಿಲ್ಲ.

ನನಗೆ ಆಗ ಇಪ್ಪತ್ತೊಂದು. ಅಪ್ಪನ ಹಳೇ ಬೈಕು, ಹಿಂದೆ ಚಿಕ್ಕಪ್ಪನ ಮಗ, ಅವನ ಬೆನ್ನ ಮೇಲೆ ಅಜ್ಜಿಗೆ ಅಂತ ಅಮ್ಮ ಕಟ್ಟಿಕೊಟ್ಟ ಕಾಫಿಪುಡಿ, ಏಲಕ್ಕಿಯ ಚೀಲ. ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆಯಲ್ಲಿ ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದ್ದೆ. ನಾಲ್ಕೈದು ತಿರುವು ಆದ ಮೇಲೆ ಸುಟ್ಟ ವಾಸನೆ ಬಂತು. ಯಾರೋ ಲಾರಿಯವರದ್ದು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸುಮ್ನೆ ಕೆಳಗೆ ಹೋಯಿತು, ಗಾಡಿ ಹಿಡಿಯಲೇ ಇಲ್ಲ. ಮುಂದಿನ ಬ್ರೇಕ್ ಹಿಡಿದು, ಗಾಬರಿಯಲ್ಲಿ ಗೇರಿಗೆ ಹಾಕಿ, ಗುಡ್ಡದ ಬದಿಯ ಚರಂಡಿ ಮಣ್ಣಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಬಲಗಡೆ ತಡೆಗೋಡೆಯ ಆಚೆ ಬರೀ ಬಿಳಿ ಮಂಜು. ಹಿಂದಿನ ಚಕ್ರದ ಡ್ರಮ್ ಮೇಲೆ ಮಳೆ ಹನಿ ಬಿದ್ದರೆ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ ಚುಂಯ್ ಅನ್ನುತ್ತಿತ್ತು. ಹಿಂದಿನಿಂದ ಬಂದ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಹತ್ತುವ ಗೇರಲ್ಲೇ ಇಳೀಬೇಕು ಮಾರಾಯ" ಅಂದು ಹೋದರು. ಅವರ ಮುಖ ಮರೆತಿದೆ, ಮಾತು ಮರೆತಿಲ್ಲ.

ಯಾಕೆ ಹಾಗೆ ಅಂದರೆ, ಬ್ರೇಕ್ ಅಂದರೆ ಉಜ್ಜುವುದು, ಉಜ್ಜಿದರೆ ಬಿಸಿ. ಬಿಡದೆ ಉಜ್ಜುತ್ತಾ ಇದ್ದರೆ ಡ್ರಮ್ಮಿನ ಒಳಗೆ ಉಜ್ಜುವ ಲೈನರ್ ಕಾದು ಹಿಡಿತ ಬಿಡುತ್ತದೆ. ಡಿಸ್ಕ್ ಬ್ರೇಕ್ ಆದರೆ ಒಳಗಿನ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಬಂದು ಲಿವರ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದು ಎಳೆಯುತ್ತದೆ. ಬ್ರೇಕ್ ತಿರುವಿನ ಮುಂಚೆ ಮಾತ್ರ. ಮುಂದಿನದು, ಹಿಂದಿನದು ಎರಡೂ ಒಟ್ಟಿಗೆ ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಿ. ಕ್ಲಚ್ ಹಿಡಿದುಕೊಂಡೇ ಇಳಿಯಬೇಡಿ, ಅದೂ ನ್ಯೂಟ್ರಲ್ ಇದ್ದಂತೆಯೇ. ಬ್ರೇಕ್ ಕಾದಿದೆ ಅನಿಸಿದರೆ ಅಗಲ ಇರುವ ಕಡೆ ನಿಲ್ಲಿಸಿ, ಅದರಷ್ಟಕ್ಕೆ ಆರಲಿ. ಬಾಟಲಿ ನೀರು ಮಾತ್ರ ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು.

ಸ್ಕೂಟರಿನಲ್ಲಿ ಹೋಗಬಹುದಾ? ಅದರಲ್ಲಿ ಗೇರೇ ಇಲ್ವಲ್ಲಾ.

ಹೋಗಬಹುದು, ತುಂಬಾ ಜನ ಹೋಗುತ್ತಾರೆ. ಸ್ಕೂಟರಿನಲ್ಲಿ ಎಂಜಿನ್ ಹಿಡಿತ ಕಡಿಮೆ, ವೇಗ ತೀರಾ ಇಳಿದರೆ ಕ್ಲಚ್ ತಾನೇ ಬಿಟ್ಟುಕೊಂಡು ಗಾಡಿ ಜಾರತೊಡಗುತ್ತದೆ. ಹಾಗಾಗಿ ಭಾರ ಪೂರ್ತಿ ಬ್ರೇಕಿನ ಮೇಲೆ. ನಡುನಡುವೆ ಎರಡು ಮೂರು ಕಡೆ ನಿಲ್ಲಿಸಿ ಆರಲು ಬಿಡಿ. ಚಕ್ರ ಚಿಕ್ಕದು, ಗುಂಡಿ ನೋಡಿಕೊಂಡು ಹೋಗಿ.

ಹೇರ್‌ಪಿನ್ ತಿರುವಿನಲ್ಲಿ ಕೈ ನಡುಗುತ್ತದೆ. ಏನು ಮಾಡಲಿ?

ಮೊದಲು ಕಣ್ಣು ಎಲ್ಲಿದೆ ನೋಡಿಕೊಳ್ಳಿ. ನೀವು ತಡೆಗೋಡೆ ನೋಡಿದರೆ ಗಾಡಿ ತಡೆಗೋಡೆ ಕಡೆಗೇ ಹೋಗುತ್ತದೆ. ತಿರುವು ಮುಗಿಯುವ ಕಡೆಗೆ ಕತ್ತು ತಿರುಗಿಸಿ, ಗಾಡಿ ಹಿಂಬಾಲಿಸುತ್ತದೆ. ಇದು ಓದಿದಾಗ ಹುಡುಗಾಟ ಅನಿಸುತ್ತದೆ, ಒಮ್ಮೆ ಮಾಡಿ ನೋಡಿ.

ಹತ್ತುವಾಗ ಎಡಕ್ಕೆ ತಿರುಗುವ ಹೇರ್‌ಪಿನ್ ಜಾಸ್ತಿ ಕಷ್ಟ. ನಮ್ಮದು ಎಡಗಡೆ ಓಡಿಸುವ ದೇಶ, ಹಾಗಾಗಿ ನಿಮಗೆ ಸಿಗುವುದು ತಿರುವಿನ ಒಳಮೈ, ಅಲ್ಲಿ ಏರು ಗೋಡೆಯ ಹಾಗೆ ಇರುತ್ತದೆ. ಅಲ್ಲಿ ಗಾಡಿ ಆಫ್ ಆಯಿತು ಅಂದರೆ ಒಂದು ಕಾಲಿಗೆ ನೆಲ ಸಿಕ್ಕುವುದೇ ಇಲ್ಲ, ಗಾಡಿ ನಿಧಾನಕ್ಕೆ ಮಗುವಿನ ಹಾಗೆ ಮಲಗಿಬಿಡುತ್ತದೆ. ತಿರುವಿಗೆ ಮುಂಚೆಯೇ ಗೇರ್ ಇಳಿಸಿ. ಒಳ ಅಂಚಿಗೆ ಅಂಟಿಕೊಳ್ಳದೆ ನಿಮ್ಮ ಅರ್ಧ ರಸ್ತೆಯ ಒಳಗೇ ಸ್ವಲ್ಪ ಅಗಲವಾಗಿ ತಿರುಗಿಸಿ. ಆಕ್ಸಿಲರೇಟರ್ ಹದವಾಗಿ ಹಿಡಿದೇ ಇರಿ. ಮಧ್ಯದಲ್ಲಿ ಗೇರ್ ಬದಲಾಯಿಸುವುದು, ಹೆದರಿ ಮುಂದಿನ ಬ್ರೇಕ್ ಅಮುಕುವುದು, ಎರಡೂ ಬೇಡ.

ಎದುರಿಗೆ ಬಸ್ ಬಂದರೆ?

ನಿಲ್ಲಿ. ತಿರುವಿನ ಒಳಗಲ್ಲ, ತಿರುವಿಗೆ ಮುಂಚೆ. ಬಸ್ಸಿಗೆ ತಿರುಗಲು ಇಡೀ ರಸ್ತೆ ಬೇಕು, ಮೂತಿ ದಾಟಿದ ಮೇಲೂ ಅದರ ಹಿಂಭಾಗ ನಿಮ್ಮ ಕಡೆಗೇ ಬೀಸಿಕೊಂಡು ಬರುತ್ತದೆ. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ಕಾನೂನೂ ಹೌದು, ಘಾಟಿಯ ಹಳೇ ಮರ್ಯಾದೆಯೂ ಹೌದು. ಭಾರ ಹೊತ್ತು ಹತ್ತುವವನು ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಕಷ್ಟ. ಕಾಣದ ತಿರುವಿನಲ್ಲಿ ಒಂದು ಸಣ್ಣ ಹಾರ್ನ್ ಹಾಕಿ, ರಾತ್ರಿಯಾದರೆ ಡಿಮ್ ಡಿಪ್ ಸಾಕು.

2019ರ ಕುಸಿತದ ನಂತರ ಭಾರೀ ಗಾಡಿಗಳನ್ನು ಇಲ್ಲಿ ಬಿಡದ ಕಾರಣ ದೊಡ್ಡ ಲಾರಿಗಳ ಕಾಟ ಶಿರಾಡಿಯಷ್ಟಿಲ್ಲ. ಆದರೆ ಧರ್ಮಸ್ಥಳಕ್ಕೆ ಹೋಗುವ ಟೆಂಪೋ ಟ್ರಾವೆಲರ್‌ಗಳು ವಾರಾಂತ್ಯದಲ್ಲಿ ಸಾಲುಸಾಲು. ಒಳಗೆ ಅಂತ್ಯಾಕ್ಷರಿ ನಡೆಯುತ್ತಿರುತ್ತದೆ, ಡ್ರೈವರ್ರೂ ಒಂದು ಚರಣ ಹಾಡುತ್ತಿರಬಹುದು. ನಾನು ಅವಕ್ಕೆ ಸ್ವಲ್ಪ ಜಾಸ್ತಿಯೇ ಜಾಗ ಬಿಡುತ್ತೇನೆ.

ಮಂಜು ಕವಿದರೆ?

ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ. ಲೋ ಬೀಮ್ ಹಾಕಿ ಎಡ ಅಂಚಿನ ಬಿಳಿ ಪಟ್ಟಿ ಹಿಡಿದು ಹೋಗಿ. ಮುಂದಿನ ಗಾಡಿಯ ಕೆಂಪು ದೀಪ ನಂಬಿಕೊಂಡು ಹಿಂದೆಯೇ ಅಂಟಿಕೊಳ್ಳಬೇಡಿ, ಅವನಿಗೂ ದಾರಿ ಕಾಣುತ್ತಿದೆ ಅಂತ ಯಾರು ಹೇಳಿದರು? ಏನೂ ಕಾಣದಿದ್ದರೆ ರಸ್ತೆಯಿಂದ ಪೂರ್ತಿ ಹೊರಗೆ ಜಾಗ ಸಿಗುವವರೆಗೆ ನಡೆಯುವ ವೇಗದಲ್ಲಿ ಹೋಗಿ, ಅಲ್ಲಿ ನಿಲ್ಲಿ. ಮಂಜು ಸಾಮಾನ್ಯವಾಗಿ ಬಂದ ಹಾಗೇ ಸರಿಯುತ್ತದೆ.

ಹೆಲ್ಮೆಟ್ ಗಾಜಿನ ಒಳಗೆ ಉಸಿರಿನ ಆವಿ ಕಟ್ಟುವುದು ಇನ್ನೊಂದು ತಲೆನೋವು. ಒಂದು ಬೆರಳಷ್ಟು ಗಾಜು ಎತ್ತಿಕೊಳ್ಳಿ. ಹೊರಡುವ ಮುಂಚೆ ಒಳಮೈಗೆ ಒಂದೇ ಹನಿ ಶಾಂಪೂ ಸವರಿ, ಒಣ ಬಟ್ಟೆಯಲ್ಲಿ ಹೊಳೆಯುವ ಹಾಗೆ ಒರೆಸಿದರೆ ಅರ್ಧ ದಿನ ನಡೆಯುತ್ತದೆ.

ನನ್ನ ಗಾಡಿಗೆ ಎಬಿಎಸ್ ಇದೆ. ಮಳೆಯಲ್ಲಿ ಭಯ ಇಲ್ಲ ಅಲ್ವಾ?

ಎಬಿಎಸ್ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತದೆ, ಟೈರಿಗೆ ಇಲ್ಲದ ಹಿಡಿತವನ್ನು ಎಲ್ಲಿಂದಲೋ ತಂದುಕೊಡುವುದಿಲ್ಲ. 2019ರಿಂದ 125 ಸಿಸಿ ಮೇಲಿನ ಬೈಕುಗಳಿಗೆ ಅದು ಕಡ್ಡಾಯ. ಆದರೆ ಹಲವು ಗಾಡಿಗಳಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ, ನಿಮ್ಮದು ಯಾವುದು ಅಂತ ತಿಳಿದುಕೊಂಡಿರಿ. ಜಾರುವ ಜಾಗಗಳು ಇವು: ಗುಡ್ಡದ ಬದಿಯ ಅಂಚಿನಲ್ಲಿ ವರ್ಷವಿಡೀ ಬಿಸಿಲು ಕಾಣದ ಪಾಚಿ, ಬಿಳಿ ಬಣ್ಣ ಬಳಿದ ಪಟ್ಟಿಗಳು, ಕೊಳೆತ ಎಲೆ, ಝರಿ ಹೊತ್ತು ತಂದ ಕೆಂಪು ಮಣ್ಣು, ಸಗಣಿ. ಇನ್ನೊಂದು, ಟ್ಯಾಂಕ್ ತುಂಬಿಸಿಕೊಂಡ ಗಾಡಿಗಳು ಹೇರ್‌ಪಿನ್ನಿನಲ್ಲಿ ಚೆಲ್ಲುವ ಡೀಸೆಲ್. ನೀರಿನ ಮೇಲೆ ಕಾಮನಬಿಲ್ಲು ಕಂಡರೆ ಚೆಂದ ಅಂತ ನೋಡಬೇಡಿ, ಗಾಡಿ ನೆಟ್ಟಗೆ ಮಾಡಿ, ಬ್ರೇಕ್ ಮುಟ್ಟದೆ ದಾಟಿ.

ಏನು ಹಾಕಿಕೊಳ್ಳಬೇಕು?

ಹೆಲ್ಮೆಟ್ ಇಬ್ಬರಿಗೂ, ತಲೆ ಪೂರ್ತಿ ಮುಚ್ಚುವಂಥದ್ದು. ಗ್ಲೌಸ್, ಪಾದ ಮುಚ್ಚುವ ಶೂ. ಮಳೆಗೆ ಮೇಲೆ ಕೆಳಗೆ ಬೇರೆ ಬೇರೆ ಇರುವ ರೇನ್‌ಕೋಟ್. ಹಾಲಿನವರು ಹಾಕಿಕೊಳ್ಳುವ ಉದ್ದದ ಅಂಗಿ ಗಾಳಿಗೆ ಹಾರಿ ಚೈನಿಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಕೂತವರ ಸೆರಗು, ದುಪಟ್ಟಾ ಕೂಡ ಅಷ್ಟೇ, ಗಂಟು ಹಾಕಿ ಒಳಗೆ ಸಿಕ್ಕಿಸಿಕೊಳ್ಳಲಿ. ಶೂ ನೆನೆಯುತ್ತದೆ, ಅದಕ್ಕೆ ಕಾಲುಚೀಲದ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಶೂ ಹಾಕಿ. ನೋಡುವವರು ನಗುತ್ತಾರೆ, ಕಾಲು ಬೆಚ್ಚಗಿರುತ್ತದೆ.

ಹಿಂದೆ ಕೂರುವವರಿಗೆ ಏನಾದರೂ ಹೇಳಬೇಕಾ?

ತಿರುವಿನಲ್ಲಿ ನಿಮ್ಮ ಜೊತೆಗೇ ವಾಲಬೇಕು, ಹೆದರಿ ಉಲ್ಟಾ ವಾಲಬಾರದು. ಇಳಿಜಾರಿನಲ್ಲಿ ಅವರ ಭಾರ ನಿಮ್ಮ ಬೆನ್ನಿಗೆ ಬೀಳದ ಹಾಗೆ ಹಿಂದಿನ ಕಂಬಿ ಹಿಡಿದುಕೊಳ್ಳಲಿ. ವಿಡಿಯೋ ಮಾಡುವುದು ನಿಲ್ಲಿಸಿದ ಮೇಲೆ.

ಎಲ್ಲಿ ನಿಲ್ಲಿಸಬಹುದು? ಜಲಪಾತದಲ್ಲಿ ಇಳಿಯಬಹುದಾ?

ಗುಡ್ಡದ ಬದಿ ಅಗಲ ಇರುವ ಕಡೆ, ಎರಡೂ ದಿಕ್ಕಿನಿಂದ ಬರುವವರಿಗೆ ದೂರದಿಂದಲೇ ಕಾಣುವ ಜಾಗದಲ್ಲಿ ಮಾತ್ರ. ಮಳೆ ಜೋರಿದ್ದ ದಿನ ಗುಡ್ಡದ ಕೆಳಗೆ ನಿಲ್ಲಲೇಬೇಡಿ. ನಿಲ್ಲಿಸುವಾಗ ಒಂದನೇ ಗೇರಿಗೆ ಹಾಕಿಟ್ಟು, ಮೂತಿ ಏರಿನ ಕಡೆಗೆ ಮಾಡಿ. ಮಂಗಗಳಿಗೆ ತಿಂಡಿ ಹಾಕಬೇಡಿ. ಚಿಪ್ಸ್ ಆಸೆಗೆ ರಸ್ತೆ ಮಧ್ಯೆ ಬಂದು ಕೂರಲು ಅವಕ್ಕೆ ಕಲಿಸಿದ್ದೇ ನಾವು.

ಇನ್ನು ಬಂಡೆ ಹತ್ತುವ ವಿಷಯ. ದೂರದಿಂದ ಒಣಗಿದ ಹಾಗೆ ಕಾಣುವ ಬಂಡೆಯೂ ಸೋಪು ಹಚ್ಚಿದಂತೆ ಇರುತ್ತದೆ. ಅಲ್ಲಿ ಬಿದ್ದು ಸತ್ತವರಿದ್ದಾರೆ. 2024ರ ಮಳೆಗಾಲದಲ್ಲಿ ಎಚ್ಚರಿಕೆ ಕೇಳದೆ ಬಂಡೆ ಏರಿ ನೀರಾಟ ಆಡುತ್ತಿದ್ದವರ ಬಟ್ಟೆಗಳನ್ನು ಪೊಲೀಸರು ಎತ್ತಿಕೊಂಡು ಹೋಗಿದ್ದು ದೊಡ್ಡ ಸುದ್ದಿಯಾಗಿತ್ತು. ಒದ್ದೆ ಚಡ್ಡಿಯಲ್ಲಿ ಜೀಪಿನ ಹಿಂದೆ ಓಡುವ ಯೋಗ ನಿಮಗೆ ಬೇಡ.

ತಿಂಡಿ?

ಕೊಟ್ಟಿಗೆಹಾರದಲ್ಲಿ ನೀರುದೋಸೆ. ಬೇರೆ ಉತ್ತರವೇ ಇಲ್ಲ. ತೆಳ್ಳಗೆ, ಕರವಸ್ತ್ರದ ಹಾಗೆ ಮಡಚಿ, ತಟ್ಟೆ ತುಂಬಾ ಹಾಕಿಕೊಡುತ್ತಾರೆ. ತಿಂದು ಹತ್ತು ನಿಮಿಷ ಕೂತು, ಬಿಸಿ ಕಾಫಿ ಕುಡಿದು, ಆಮೇಲೆ ಹೆಲ್ಮೆಟ್ ಹಾಕಿ.

ರಾತ್ರಿ ಇಳಿಯಬಹುದಾ?

ಅನಿವಾರ್ಯ ಇಲ್ಲದಿದ್ದರೆ ಬೇಡ. ಮಳೆಗಾಲದಲ್ಲಿ ಜಿಲ್ಲಾಡಳಿತ ಕೆಲವೊಮ್ಮೆ ರಾತ್ರಿ ಸಂಚಾರವನ್ನೇ ನಿಲ್ಲಿಸುತ್ತದೆ. ಹೊರಡುವ ದಿನದ ಆದೇಶ ನೋಡಿಕೊಳ್ಳಿ. ಮೂಡಿಗೆರೆ ತಾಲ್ಲೂಕಿನಲ್ಲಿ ಆನೆ ಕಾಟವೂ ಇದೆ. ಆನೆ ರಸ್ತೆಯಲ್ಲಿ ನಿಂತಿದ್ದರೆ ದೂರದಲ್ಲೇ ನಿಲ್ಲಿ, ಹಾರ್ನ್ ಹೊಡೆಯಬೇಡಿ, ಎಂಜಿನ್ ರೊಯ್ ಅನಿಸಬೇಡಿ, ಗಾಡಿ ತಿರುಗಿಸಿಕೊಳ್ಳಿ.

ಪೆಟ್ರೋಲ್, ಪಂಕ್ಚರ್, ನೆಟ್‌ವರ್ಕ್?

ಪೆಟ್ರೋಲ್ ಮೂಡಿಗೆರೆಯಲ್ಲೋ ಉಜಿರೆಯಲ್ಲೋ ತುಂಬಿಸಿಕೊಳ್ಳಿ. ಘಾಟಿಯೊಳಗೆ ಫೋನ್ ಎಲ್ಲ ಕಡೆ ಸಿಗುವುದಿಲ್ಲ. ಟ್ಯೂಬ್‌ಲೆಸ್ ಟೈರಾದರೆ ಪಂಕ್ಚರ್ ಕಿಟ್, ಸಣ್ಣ ಪಂಪು ಇಟ್ಟುಕೊಳ್ಳಿ. ಮನೆಯಲ್ಲಿ ಒಮ್ಮೆ ಹಾಕಿ ಕಲಿತುಕೊಂಡು ಬನ್ನಿ. ಮಳೆಯಲ್ಲಿ ನಿಂತು ಯೂಟ್ಯೂಬ್ ನೋಡೋಣ ಅಂದರೆ ಅದೂ ಬರಲ್ಲ!

ಇಂಬಳ (ಜಿಗಣೆ) ಹತ್ತುತ್ತಾ?

ಗಾಡಿ ಓಡುತ್ತಿದ್ದರೆ ಇಲ್ಲ. ಹುಲ್ಲಿಗೆ ಕಾಲಿಟ್ಟರೆ ಖಂಡಿತ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಉದುರುತ್ತದೆ.

ಇಳಿದ ದಾರಿಯಲ್ಲೇ ವಾಪಸ್ ಹತ್ತಬೇಕಾ? ಬೇರೆ ಸುತ್ತು ಇದೆಯಾ?

ಇದೆ, ನನ್ನ ಮೆಚ್ಚಿನದು. ಉಜಿರೆ, ಬೆಳ್ತಂಗಡಿ, ನಾರಾವಿ, ಬಜಗೋಳಿ, ಮಾಳ ದಾಟಿ ಕುದುರೆಮುಖ ಹತ್ತಿ, ಕಳಸಕ್ಕೆ ಬಂದು, ಅಲ್ಲಿಂದ ಕೊಟ್ಟಿಗೆಹಾರ. ಒಂದು ಪೂರ್ತಿ ಹಗಲು ಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ರಸ್ತೆ ಹೋಗುವುದರಿಂದ ಅರಣ್ಯದವರ ತಪಾಸಣಾ ಗೇಟು ಇದೆ. ಒಳಗೆ ಬಿಟ್ಟ ಹೊತ್ತು ಬರೆದು ಚೀಟಿ ಕೊಡುತ್ತಾರೆ. ದಾರಿಯಲ್ಲಿ ಕೂತು ಊಟ ಬಿಚ್ಚಿದರೆ ದಂಡ. ನನಗೆ ಆ ಕಟ್ಟುಪಾಡು ಸರಿ ಅನಿಸುತ್ತದೆ, ಯಾಕೆಂದರೆ ಶೋಲಾ ಕಾಡು, ಹುಲ್ಲುಗುಡ್ಡ ಇನ್ನೂ ಬಾಟಲಿ ಇಲ್ಲದೆ ಉಳಿದಿರುವುದು ಅದರಿಂದಲೇ. ಗುಡ್ಡ ಅಗೆದು ಕಬ್ಬಿಣದ ಅದಿರು ತೆಗೆಯುತ್ತಿದ್ದ ಗಣಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಅದರ ನೌಕರರಿಗಾಗಿ ಕಟ್ಟಿದ ಊರು ಈಗ ಭಾಗಶಃ ಖಾಲಿ. ಆ ನೀಟಾದ ಖಾಲಿ ಬೀದಿಗಳಲ್ಲಿ ಬೈಕಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಒಂಥರಾ ಆಗುತ್ತದೆ.

ಆಗುಂಬೆ ಚೆನ್ನಾ, ಚಾರ್ಮಾಡಿ ಚೆನ್ನಾ?

ಆಗುಂಬೆ ಚಿಕ್ಕದು, ಕಡಿದು, 14 ತಿರುವು ಒಂದರ ಮೇಲೊಂದು ಅಟ್ಟದ ಮೆಟ್ಟಿಲಿನ ಹಾಗೆ. ಸೂರ್ಯಾಸ್ತ ಬೇಕಾದರೆ ಅಲ್ಲಿಗೇ ಹೋಗಿ. ಚಾರ್ಮಾಡಿ ಉದ್ದ, ಬಿಡಿಸಿಕೊಂಡು ಇಳಿಯುತ್ತದೆ, ಕಣಿವೆ ಜಾಸ್ತಿ ಹೊತ್ತು ಜೊತೆಗಿರುತ್ತದೆ. ನಾನು ಅಜ್ಜಿ ಮನೆ ಕಡೆಯವನು, ನನ್ನನ್ನು ಕೇಳಿದರೆ ನ್ಯಾಯ ಸಿಗಲ್ಲ.

ಸೈಲೆನ್ಸರ್ ಬದಲಾಯಿಸಿದ್ದೇನೆ, ಪೊಲೀಸರು ಹಿಡಿಯುತ್ತಾರಾ?

ಹಿಡಿಯಲಿ. ಘಟ್ಟದ ಮೇಲಿನ ಎಷ್ಟೋ ಮನೆಯವರು ಆಸ್ಪತ್ರೆಗೆ ಅಂತ ಮಂಗಳೂರಿಗೆ ಹೋಗುವುದು ಇದೇ ದಾರಿಯಲ್ಲಿ. ನಿಮ್ಮ ಮುಂದಿನ ಕಾರಿನ ಹಿಂದಿನ ಸೀಟಿನಲ್ಲಿ ಯಾರು ಮಲಗಿದ್ದಾರೋ ನಿಮಗೆ ಗೊತ್ತಿಲ್ಲ.

ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಎಲ್ಲರೂ ಯಾಕೆ ಗಾಡಿ ನಿಲ್ಲಿಸುತ್ತಾರೆ?

ಘಾಟಿ ಕಾಯುವ ದೈವ ಅನ್ನುವ ನಂಬಿಕೆ. ಬಸ್ಸಿನವರು, ಜೀಪಿನವರು, ಮೀನಿನ ಗಾಡಿಯವರು, ಎಲ್ಲರೂ ಒಂದು ನಿಮಿಷ ನಿಂತು ಕೈ ಮುಗಿದು, ಹುಂಡಿಗೆ ಕಾಸು ಹಾಕಿ ಹೋಗುತ್ತಾರೆ. ನನ್ನ ಚಿಕ್ಕಪ್ಪನ ಮಗ ದೇವರನ್ನು ಅಷ್ಟಾಗಿ ನಂಬುವವನಲ್ಲ, ಆದರೂ ಆ ದಿನದ ನಂತರ ಅಲ್ಲಿ ಗಾಡಿ ನಿಲ್ಲಿಸದೆ ಮುಂದೆ ಹೋಗಿಲ್ಲ. "ನಾನು ನಿಲ್ಲುವುದು ಬ್ರೇಕ್ ಆರಲಿ ಅಂತ" ಅನ್ನುತ್ತಾನೆ. ಅನ್ನುತ್ತಲೇ ಜೇಬಿನಲ್ಲಿ ಚಿಲ್ಲರೆ ಹುಡುಕುತ್ತಿರುತ್ತಾನೆ.